ಯಲ್ಲಪ್ಪನ ಮಡಚಿಟ್ಟ ಮಾತುಗಳು

ಯಲವಿಗಿಯ ಯಲ್ಲಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದರೆ ಹೊಗಳಿದ ಹಾಗೆ ಕೇಳಿಸುತ್ತದೆ. ಅವನ ಹೆಂಡತಿ ನಾಗವ್ವನ ಬಾಯಲ್ಲಿ ಮಾತ್ರ ಅದೇ ಮಾತು ಯಾವುದೋ ವಾಸಿಯಾಗದ ಬೇನೆಯ ಹೆಸರಿನಂತೆ ಬರುತ್ತಿತ್ತು. ಶೇಂಗಾ, ಮೆಣಸಿನಕಾಯಿ ಬೆಳೆದುಕೊಂಡು ತನ್ನ ಪಾಡಿಗೆ ತಾನಿರುವ ರೈತ. ಆದರೆ ಸುತ್ತಲಿನ ಒಂದು ಮದುವೆಯನ್ನೂ ತಪ್ಪಿಸಿದವನಲ್ಲ. ಉಂಡು ಕೈತೊಳೆಯುವಾಗ ಯಾರಾದರೂ ಊಟ ಹೇಗಿತ್ತು ಎಂದು ಕೇಳಿದರೆ ಹೇಗಿತ್ತೋ ಹಾಗೇ ಹೇಳುತ್ತಿದ್ದ. ಕೇಳದಿದ್ದರೂ ಹೇಳುತ್ತಿದ್ದ.

ಇಂಥವನ ಕೈಗೆ ಮಗಳು ನೀಲಾ ಒಂದು ಫೋನು ಕೊಟ್ಟು, 'ನಾಲ್ಕೂರ ಕಟ್ಟಿ' ತೋರಿಸಿಕೊಟ್ಟಳು. ತಪ್ಪು ಆದದ್ದು ಅಲ್ಲೇ ಎಂದು ನಾಗವ್ವನ ವಾದ.

ನಾಲ್ಕೂರ ಕಟ್ಟಿ ಎಂಬುದು ಶಿಗ್ಗಾಂವಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಬಸವೇಶ ನಡೆಸುವ ವೆಬ್‌ಸೈಟು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಮದುವೆ, ತೊಟ್ಟಿಲು, ಪೇಟೆಯ ಧಾರಣೆ, ಕೆಟ್ಟು ನಿಂತ ಬಸ್ಸು, ತೀರಿಕೊಂಡವರ ಫೋಟೋ, ಎಲ್ಲ ಅದರಲ್ಲಿ ಬರುತ್ತಿತ್ತು. ಪ್ರತಿ ಸುದ್ದಿಯ ಕೆಳಗೆ ಓದಿದವರು ತಮ್ಮ ಮಾತು ಬರೆಯಲು ಜಾಗವಿತ್ತು. ಮೊದಮೊದಲು ಯಾವ ಮಾತು ಉಳಿಯಬೇಕು, ಯಾವುದು ಅಳಿಯಬೇಕು ಎಂದು ಬಸವೇಶನೇ ನೋಡುತ್ತಿದ್ದ. ಹಾನಗಲ್ಲಿನವರ ಮಾತು ಅಳಿಸಿದರೆ, ಹೆಂಡತಿಯ ತವರು ಸವಣೂರಲ್ಲವೇ, ಮತ್ತೇನು ಮಾಡುತ್ತಾನೆ ಎನ್ನುವರು. ಸವಣೂರಿನವರ ಮಾತು ಅಳಿಸಿದರೆ ಹೆಂಡತಿಯೇ ಮಾತು ಬಿಡುವಳು. ಸಾಕಾಗಿ ಹೋಗಿ, ನ್ಯಾಯವನ್ನು ಓದುಗರ ಕೈಗೇ ಕೊಟ್ಟುಬಿಟ್ಟ. ಮಾತು ಹಿಡಿಸಿದರೆ ಹಸಿರು ಹೆಬ್ಬೆರಳು ಒತ್ತುವುದು, ಹಿಡಿಸದಿದ್ದರೆ ಕೆಂಪು. ಹಸಿರಿಗಿಂತ ಕೆಂಪು ಹತ್ತು ಹೆಚ್ಚಾಯಿತೋ, ಆ ಮಾತು ತಾನಾಗಿಯೇ ಮಡಚಿಕೊಂಡು, ಅದರ ಜಾಗದಲ್ಲಿ ಬೂದಿ ಬಣ್ಣದ ಪಟ್ಟಿಯೊಂದು ಕೂರುತ್ತಿತ್ತು. 'ಈ ಮಾತನ್ನು ಓದುಗರು ಮಡಚಿದ್ದಾರೆ' ಎಂದು ಅದರ ಮೇಲೆ ಬರೆದಿರುತ್ತಿತ್ತು. ಪಟ್ಟಿಯ ಮೇಲೆ ಬೆರಳಿಟ್ಟರೆ ಬಿಚ್ಚಿಕೊಳ್ಳುತ್ತಿತ್ತು ಎನ್ನಿ. ಆದರೆ ಬೆರಳಿಡುವವರು ಯಾರು?

ಯಲ್ಲಪ್ಪ ಕಟ್ಟಿಗೆ ಸೇರಿ ಒಂದು ಮಳೆಗಾಲ ಕಳೆಯುವುದರೊಳಗೆ ಅವನ ಮಾತುಗಳೆಲ್ಲ ಬೂದಿ ಪಟ್ಟಿಗಳಾಗಿದ್ದವು. ಹೊಸ ಬಸ್ ನಿಲ್ದಾಣ ಸುಂದರವಾಗಿದೆ ಎಂಬ ಸುದ್ದಿಯ ಕೆಳಗೆ, ಸುಂದರ ಐತಿ, ಮಳೀ ಒಳಗ ಬೀಳತೈತಿ ಎಂದು ಬರೆದಿದ್ದ. ಮದುವೆಯೊಂದರ ಕೆಳಗೆ, ಬದನೆಕಾಯಿ ಬೆಂದಿರಲಿಲ್ಲ ಎಂದು ಬರೆದಿದ್ದ. ಬೈಗುಳ ಒಂದೂ ಇರಲಿಲ್ಲ. ಮಡಚಿದ್ದಕ್ಕೆ ಅವನು ಬೇಸರವನ್ನೂ ಮಾಡಿಕೊಂಡಿರಲಿಲ್ಲ. ತಾನು ಅನ್ನುವುದನ್ನು ಅಂದಾಯಿತು, ಕೇಳುವುದು ಬಿಡುವುದು ಮಂದಿಗೆ ಬಿಟ್ಟದ್ದು ಎಂದುಕೊಂಡು ಎಮ್ಮೆಗೆ ಮೇವು ಹಾಕಲು ಹೋಗುತ್ತಿದ್ದ.

ಬೇಸರ ಬಂದದ್ದು ನೀಲಾಳ ಸಂಬಂಧದ ಹೊತ್ತಿಗೆ.

ನೀಲಾ ಸವಣೂರಿನಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮಾಸೂರಿನ ತಿಪ್ಪವ್ವ ಎಂಬಾಕೆಯ ಮಗ ಆನಂದನ ಸಂಬಂಧ ಬಂದಿತ್ತು. ಹುಡುಗ ಹಿರೇಕೆರೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದ. ತಂದೆ ಇಲ್ಲದ ಮನೆ, ತಾಯಿಯದೇ ಯಜಮಾನಿಕೆ. ನಡುವೆ ಓಡಾಡಿ ಕೂಡಿಸಿದವಳು ನಾಗವ್ವನ ಅಕ್ಕ ಗುತ್ತೆವ್ವ. ಆಕೆಯನ್ನು ಕೊಟ್ಟದ್ದೂ ಮಾಸೂರಿಗೇ. ಹೆಣ್ಣು ನೋಡುವುದು ಮುಗಿದು, ಹುಡುಗ ಹುಡುಗಿ ಒಪ್ಪಿ, ನೀಲಾ ಸಂಜೆಯಾದರೆ ಫೋನು ಹಿಡಿದು ಹಿತ್ತಲಿಗೆ ಹೋಗುವುದು ರೂಢಿಯಾಗಿತ್ತು. ಮಾತು ಮುಗಿಸಲು ತಿಪ್ಪವ್ವ ಬರುವುದೊಂದು ಬಾಕಿ.

ಬರುವ ಬದಲು ಗುತ್ತೆವ್ವನ ಫೋನು ಬಂತು.

ಬೀಗತಿ ಮುಖ ಸಣ್ಣ ಮಾಡಿಕೊಂಡಿದ್ದಾಳೆ ಎಂದಳು ಗುತ್ತೆವ್ವ. ಮನೆತನ ವಿಚಾರಿಸುವವರು ಹಿಂದೆಲ್ಲ ಊರ ಬಾವಿಕಟ್ಟೆಯಲ್ಲಿ ಕೇಳುತ್ತಿದ್ದರು, ಈಗ ಯಾರೋ ನಾಲ್ಕೂರ ಕಟ್ಟಿ ತೆಗೆದು ತೋರಿಸಿದ್ದಾರೆ. ಹುಡುಗಿಯ ಅಪ್ಪನ ಹೆಸರು ಇರುವಲ್ಲೆಲ್ಲ ಬೂದಿ ಪಟ್ಟಿ. ನಾಲ್ಕು ತಾಲೂಕಿನ ಮಂದಿ ಕೂಡಿ ಒಬ್ಬನ ಮಾತು ಮುಚ್ಚಿಟ್ಟಿದ್ದಾರೆ ಎಂದರೆ ಒಳಗೆ ಎಂಥ ಹೊಲಸು ಇರಬೇಕು ಎಂದು ತಿಪ್ಪವ್ವ ಹೌಹಾರಿದ್ದಾಳೆ. ಪಟ್ಟಿ ಬಿಚ್ಚಿ ನೋಡಬಾರದೇ ಎಂದು ಗುತ್ತೆವ್ವ ಕೇಳಿದ್ದಕ್ಕೆ, ಮುಚ್ಚಿಟ್ಟದ್ದನ್ನು ತೆಗೆದು ನೋಡುವ ಪೈಕಿ ತಾವಲ್ಲ ಎಂದುಬಿಟ್ಟಳಂತೆ.

ನಾಗವ್ವ ಆ ದಿನ ಗಂಡನಿಗೆ ಏನೂ ಅನ್ನಲಿಲ್ಲ. ಅವಳು ಅನ್ನದಿದ್ದರೇ ಯಲ್ಲಪ್ಪನಿಗೆ ಹೆಚ್ಚು ಹೆದರಿಕೆ. ಮರುದಿನ ನೀಲಾ ಎಂದಿನಂತೆ ಬಸ್ಸು ಹಿಡಿದು ಹೋದಳು. ಅವಳು ಹೋದ ಮೇಲೆ ನೋಡಿದರೆ ಬುತ್ತಿ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೇ ಇತ್ತು. ರೊಟ್ಟಿ, ಪುಂಡಿಪಲ್ಯ ಇನ್ನೂ ಬೆಚ್ಚಗಿದ್ದವು. ಯಲ್ಲಪ್ಪ ತಲೆಗೆ ಪಟಗ ಸುತ್ತಿಕೊಂಡು, ಸವಣೂರಿಗೆ ಹೋಗಿ ಲ್ಯಾಬಿನಲ್ಲಿ ಡಬ್ಬಿ ಕೊಟ್ಟು, ಅಲ್ಲಿಂದ ಶಿಗ್ಗಾಂವಿಯ ಬಸ್ಸು ಹತ್ತಿದ.

ಬಸವೇಶ ಯಾವುದೋ ಮದುಮಗನ ಫೋಟೋದಲ್ಲಿ ಮೊಡವೆ ಅಳಿಸುತ್ತ ಕೂತಿದ್ದ. ಬಂದವರು ಯಲವಿಗಿ ಯಲ್ಲಪ್ಪ ಎಂದು ತಿಳಿದೊಡನೆ ಎದ್ದು ನಿಂತು, ಕುರ್ಚಿ ಒರೆಸಿ, ಚಹಾಕ್ಕೆ ಹೇಳಿದ. ಕಾಕಾರ ಮಾತುಗಳನ್ನು ತಾನು ತಪ್ಪದೆ ಬಿಚ್ಚಿ ಓದುತ್ತೇನೆ, ಮನೆಯಲ್ಲಿ ಓದಿ ಹೇಳಿ ನಗುತ್ತೇವೆ ಎಂದ. ಹಾಗಾದರೆ ಬಿಚ್ಚಿಯೇ ಇಡಲಿಕ್ಕೆ ಏನು ಧಾಡಿ ಎಂದು ಯಲ್ಲಪ್ಪ ಕೇಳಿದ. ಅದು ಆಗುವುದಿಲ್ಲ ಎಂದು ಬಸವೇಶ ಕೈಮುಗಿದ. ಹಿಂದೊಮ್ಮೆ ಪಾಪ ಎಂದು ಒಬ್ಬರ ಮಾತು ಬಿಚ್ಚಿದ್ದಕ್ಕೆ ಎದುರು ಪಾರ್ಟಿಯವರು ಟೆಂಪೋ ಮಾಡಿಕೊಂಡು ಬಂದು, ಇದೇ ಸ್ಟುಡಿಯೋದಲ್ಲಿ ಸಂಜೆತನಕ ಕೂತು, ಹೋಗುವಾಗ ಪುಕ್ಕಟೆ ಪಾಸ್‌ಪೋರ್ಟ್ ಫೋಟೋ ಬೇರೆ ತೆಗೆಸಿಕೊಂಡು ಹೋಗಿದ್ದರು.

ಆಮೇಲೆ ಅವನು ಕಂಪ್ಯೂಟರನ್ನು ಯಲ್ಲಪ್ಪನ ಕಡೆ ತಿರುಗಿಸಿ, ಕಟ್ಟಿಯ ಒಳಗುಟ್ಟು ತೋರಿಸಿದ. ಮೊದಲ ವಾರ ಮಂದಿ ಮನಸ್ಸಿಗೆ ಬಂದಂತೆ ಒತ್ತಿದ್ದರು. ಆಮೇಲೆ ನಮ್ಮ ಕಡೆ ಎಲ್ಲವೂ ಏನಾಗುತ್ತದೋ ಇದೂ ಅದೇ ಆಯಿತು. ಮದುವೆಯಲ್ಲಿ ಮುಯ್ಯಿ ಮಾಡಿದವರಿಗೆ ತಿರುಗಿ ಮುಯ್ಯಿ ಮಾಡದಿದ್ದರೆ ಹೇಗೆ? ನೀನು ನನ್ನ ಮಾತಿಗೆ ಹಸಿರು ಒತ್ತಿದೆ, ನಾನು ನಿನ್ನದಕ್ಕೆ ಒತ್ತಬೇಕು. ಒತ್ತದಿದ್ದರೆ ಸೊಕ್ಕು. ಕೆಂಪು ಒತ್ತಿದರೆ ಕೆಂಪು, ಅದೂ ಮನೆಮಂದಿಯೆಲ್ಲ ಸೇರಿ. ಹಾನಗಲ್ಲಿನ ವಿದ್ಯಾ ಎಂಬವಳು ಸತ್ತವರ ಫೋಟೋದ ಕೆಳಗೂ 'ಸೂಪರ್' ಎಂದೇ ಬರೆಯುತ್ತಾಳೆ. ಎಲ್ಲರಿಗೂ ಹಸಿರು ಹಂಚುವವಳಾದ್ದರಿಂದ ಅವಳ ಸೂಪರ್ ಸುತ್ತ ಹಸಿರೋ ಹಸಿರು.

"ನೀವು ಬಂದಾಗಿಂದ ಯಾರಿಗೂ ಒಂದ ಹಸಿರು ಕೊಟ್ಟಿಲ್ಲ ನೋಡ್ರಿ ಕಾಕಾ," ಎಂದ ಬಸವೇಶ.

"ಖರೇ ಬರದಿದ್ರ ಕೊಡತಿದ್ದೆ."

"ಮತ್ತ ನಿಮಗೂ ಯಾರೂ ಕೊಡಲಿಲ್ಲ."

ಯಲ್ಲಪ್ಪ ಚಹಾ ಮುಗಿಸಿ ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿದ.

"ಒಂದ ಮಾತ ಹೇಳ್ತೇನಿ ತಮ್ಮಾ. ಅವ್ವ ಅಕ್ಕ ಹಿಡದ ಬೈದಾವನ್ನೂ, ಬದನಿಕಾಯಿ ಬೆಂದಿಲ್ಲ ಅಂದಾವನ್ನೂ ನೀ ಒಂದ ಚೀಲದಾಗ ಹಾಕಿ ಬಾಯಿ ಹೊಲದೀಯಪಾ. ಹೊರಗ ನಿಂತಾವರಿಗೆ ಚೀಲ ಅಷ್ಟ ಕಾಣತೈತಿ. ಒಳಗ ಹಾವು ಐತೋ ಹೆಸರಕಾಳು ಐತೋ ಅವರಿಗೇನ ಗೊತ್ತು? ಮುಚ್ಚಿದ್ರ ಹಾವ ಅಂತನ ತಿಳೀತಾರ."

ಬಸವೇಶ ಖಾಲಿ ಕಪ್ಪು ಎತ್ತಿಟ್ಟ. ವಿಚಾರ ಮಾಡುತ್ತೇನೆ ಎಂದ. ಸದ್ಯಕ್ಕೆ ಇರುವ ದಾರಿ ಒಂದೇ, ನಾಲ್ಕು ಮಂದಿಗೆ ಮುಯ್ಯಿ ಮಾಡಿ, ತಿರುಗಿ ಬರುತ್ತದೆ ಎಂದು ಬಸ್ಸಿನತನಕ ಬಂದು ಬೀಳ್ಕೊಟ್ಟ.

ದಾರಿಯುದ್ದಕ್ಕೂ ಯಲ್ಲಪ್ಪನ ಮನಸ್ಸು ಒಪ್ಪಲಿಲ್ಲ. ಮನೆಗೆ ಬಂದಾಗ ನಾಗವ್ವ ಮಾತಾಡದೆ ತಾಟು ಇಟ್ಟಳು, ಮಾತಾಡದೆ ತೆಗೆದಳು. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಅವನು ಬೇವಿನ ಗಿಡದ ಕೆಳಗೆ ಫೋನು ಹಿಡಿದು ಕೂತ. ಮಗಳಿಗಾಗಿ ಹೆಬ್ಬೆರಳು ಸವೆದರೆ ಸವೆಯಲಿ.

ಆದರೆ ಮುಯ್ಯಿ ಎಂದ ಮೇಲೆ ಅದಕ್ಕೊಂದು ರೀತಿ ಇದೆಯಲ್ಲ. ಕಳ್ಳರ ಹಾಗೆ ಕೈಯೊಳಗೆ ತುರುಕಿ ಓಡುವುದು ಮುಯ್ಯಿಯಲ್ಲ. ಮೈಕಿನಲ್ಲಿ ಓದಬೇಕು: ಇಂಥ ಊರಿನ ಇಂಥವರಿಂದ ಒಂದು ಕೊಡ, ಇಂಥವರಿಂದ ಒಂದು ಪತ್ತಲ ಸೀರೆ. ಓದದ ಮುಯ್ಯಿಯನ್ನು ಯಾರು ನೆನಪಿಡುತ್ತಾರೆ? ಹಾಗಾಗಿ ಯಲ್ಲಪ್ಪ ಹಸಿರು ಒತ್ತಿದ ಕಡೆಯಲ್ಲೆಲ್ಲ ಕೆಳಗೆ ಬರೆದೂ ಬರೆದ. ಮೈಕು ಹಿಡಿದ ಮೇಲೆ ಸುಳ್ಳು ಓದಲು ಬರುವುದೇ? ಅದೂ ಆಗಲಿಲ್ಲ.

'ಯಲವಿಗಿ ಯಲ್ಲಪ್ಪ ಇವರಿಂದ ಒಂದು ಹಸಿರು. ಬರೆದದ್ದು ಖರೇ ಅಲ್ಲ, ಆದರೆ ಬರೆದವರು ಒಳ್ಳೆಯ ಮಂದಿ.'

'ಯಲವಿಗಿ ಯಲ್ಲಪ್ಪ ಇವರಿಂದ ಒಂದು ಹಸಿರು. ಮಾಸ್ತರು ಒಂದು ದಿನವೂ ಸಾಲಿ ತಪ್ಪಿಸಲಿಲ್ಲ ಅಂಬೋದು ನಿಜ. ಬಂದು ಮಲಗುತ್ತಿದ್ದರು.'

'ವಿದ್ಯಾ ಇವರ ಸೂಪರಿಗೆ ಯಲ್ಲಪ್ಪನಿಂದ ಒಂದು ಹಸಿರು. ತೀರಿಕೊಂಡವರು ಇದನ್ನು ಓದುವುದಿಲ್ಲ, ಅದೊಂದು ಸಮಾಧಾನ.'

ದನ ಮನೆಗೆ ಬರುವ ಹೊತ್ತಿಗೆ ಎಲ್ಲವೂ ಬೂದಿ ಪಟ್ಟಿ.

ಸಂಜೆ ನೀಲಾ ಬಸ್ಸಿನಿಂದ ಇಳಿದು ಬಂದವಳು ಹೊಸ್ತಿಲ ಹೊರಗೇ ನಿಂತಳು. ಬಸ್ಸಿನಲ್ಲಿ ಎಲ್ಲ ಓದಿಕೊಂಡು ಬಂದಿದ್ದಳು. ಅವಳ ಕಣ್ಣಲ್ಲಿ ನೀರು ಕಂಡು ಯಲ್ಲಪ್ಪ ಎದ್ದು ನಿಂತ.

"ಅಪ್ಪಾ, ಮುಯ್ಯಿ ಓದೀಯಲ್ಲೋ," ಎಂದವಳು ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿ ನಗತೊಡಗಿದಳು. ಚೀಲ ಜಾರಿತು, ಡಬ್ಬಿ ಉರುಳಿ ಎಮ್ಮೆಯ ಕಾಲಬಳಿ ಹೋಯಿತು, ಅವಳ ನಗು ನಿಲ್ಲಲಿಲ್ಲ. ನಾಗವ್ವ ಬೈಯಬೇಕೆಂದು ಒಳಗಿನಿಂದ ಬಂದವಳು, ಏನೆಂದು ಕೇಳಿ, ಮಾಸ್ತರರ ಸುದ್ದಿಗೆ ಸೆರಗು ಬಾಯಿಗೆ ಹಿಡಿದುಕೊಂಡಳು. ಆ ಮಾಸ್ತರರು ಅವಳಿಗೂ ಕಲಿಸಿದವರೇ.

ಗುತ್ತೆವ್ವನ ಫೋನು ಬಂದ ಮೇಲೆ ನೀಲಾ ಆನಂದನೊಂದಿಗೆ ಮಾತಾಡಿರಲಿಲ್ಲ. ತಾನಾಗಿ ಮಾತಾಡಿಸಿದರೆ ಬೇಡಿಕೊಂಡ ಹಾಗಾಗುತ್ತದೆ ಎಂಬ ಬಿಗುಮಾನ. ಈಗ ನಗುವ ಭರದಲ್ಲಿ ಅಪ್ಪನ ಮುಯ್ಯಿಯನ್ನೆಲ್ಲ ಅವನಿಗೆ ಕಳಿಸಿಬಿಟ್ಟಳು. ಸಂಬಂಧ ಹೇಗೂ ಹೋಗುವುದಿದ್ದರೆ ನಕ್ಕಾದರೂ ಹೋಗಲಿ.

ಮಾಸೂರಿನಲ್ಲಿ ಆಮೇಲೆ ನಡೆದದ್ದು ಯಲ್ಲಪ್ಪನಿಗೆ ಗುತ್ತೆವ್ವನಿಂದ ತಿಳಿಯಿತು. ಆನಂದ ನಗುತ್ತ ಓದಿದವನು ಹಳೆಯ ಪಟ್ಟಿಗಳನ್ನೂ ಬಿಚ್ಚತೊಡಗಿದ. ತಿಪ್ಪವ್ವ ರೊಟ್ಟಿ ಬಡಿಯುತ್ತಿದ್ದಳು. ಗಟ್ಟಿಯಾಗಿ ಓದಬೇಡ, ಹೊಲಸು ಕೇಳುವುದಿಲ್ಲ ಎಂದು ಹಿಟ್ಟಿನ ಕೈಯಿಂದಲೇ ಕಿವಿ ಮುಚ್ಚಿಕೊಂಡಳಂತೆ. ಮಗ ಬಿಡಲಿಲ್ಲ. ಬಸ್ ನಿಲ್ದಾಣ ಓದಿದ, ಬದನೆಕಾಯಿ ಓದಿದ. ಕಿವಿಯಿಂದ ಒಂದು ಕೈ ಇಳಿಯಿತು. ಆಮೇಲೆ ಹಾನಗಲ್ಲಿನ ಒಂದು ಮದುವೆ ಬಂತು. ಅದು ತಿಪ್ಪವ್ವನ ಅಣ್ಣನ ಮಗನದೇ ಮದುವೆ. ಸುದ್ದಿಯಲ್ಲಿ 'ಭರ್ಜರಿ ಭೋಜನ' ಎಂದಿತ್ತು. ಅದರ ಕೆಳಗೆ ಯಲ್ಲಪ್ಪ ಬರೆದದ್ದು:

'ಭರ್ಜರಿ ಗಂಡಸರಿಗೆ ಅಷ್ಟೆ. ಹೆಣ್ಣುಮಕ್ಕಳನ್ನು ಕಡೇ ಪಂಗ್ತಿಗೆ ಕೂಡಿಸಿದರು. ಅಷ್ಟರಲ್ಲಿ ಹೋಳಿಗಿ ತೀರಿ ಅನ್ನ ಆರಿತ್ತು. ಮದುಮಗನ ಸೋದರತ್ತಿ ಅಂತ, ಮುಂಜಾನೆಯಿಂದ ಓಡಾಡಿದ ಹೆಣ್ಣುಮಗಳು, ಬರೇ ಸಾರು ಅನ್ನ ಉಂಡು ಎದ್ದರು. ನಾ ದೂರದಿಂದ ನೋಡಿದೆ. ನನಗೆ ಉಂಡದ್ದು ಮೈಗೆ ಹತ್ತಲಿಲ್ಲ.'

ತವಾದ ಮೇಲಿನ ರೊಟ್ಟಿ ಹೊತ್ತಿತು. ತಿಪ್ಪವ್ವ ತಿರುವಲಿಲ್ಲ.

ಮೂರನೆಯ ದಿನ ಮಾಸೂರಿನ ಜೀಪೊಂದು ಯಲವಿಗಿಗೆ ಬಂತು. ರಿಪೇರಿಗೆ ಬಿಟ್ಟಿದ್ದ ಯಾರದೋ ಜೀಪನ್ನು ಓಡಿಸಿ ನೋಡುವ ನೆಪದಲ್ಲಿ ಆನಂದ ತಾಯಿಯನ್ನೂ ಗುತ್ತೆವ್ವನನ್ನೂ ಕೂಡಿಸಿಕೊಂಡು ಬಂದಿದ್ದ. ಸಂಬಂಧ ಬೇಡವೆಂದು ಎದುರಿಗೇ ಹೇಳಲು ಬಂದರೋ ಏನೋ ಎಂದುಕೊಂಡು ನಾಗವ್ವ ಬಾಗಿಲ ಮರೆಗೆ ಸರಿದಳು. ತಿಪ್ಪವ್ವ ಪಡಸಾಲೆಯಲ್ಲಿ ಕೂತಳು. ನೀರು ಕುಡಿದಳು, ಚಹಾ ಮುಟ್ಟಲಿಲ್ಲ.

"ಬೀಗರ, ನಿಮ್ಮನ್ನ ಮಡಚಿದಾವರೊಳಗ ನಾನೂ ಒಬ್ಬಾಕಿ," ಎಂದಳು.

ಹಾನಗಲ್ಲಿನ ಅಣ್ಣನ ಮನೆಯಿಂದ ಸಂದೇಶ ಬಂದಿತ್ತಂತೆ: ಯಾವನೋ ನಮ್ಮ ಮನೆಯ ಮರ್ಯಾದೆ ತೆಗೆದಿದ್ದಾನೆ, ಕೆಳಗಿನ ಮಾತಿಗೆ ಎಲ್ಲರೂ ಕೆಂಪು ಒತ್ತಿರಿ ಎಂದು. ತವರಿನ ಮಾತು. ಕನ್ನಡಕ ಕೈಗೆ ಸಿಗಲಿಲ್ಲ. ಓದದೆಯೇ ಒತ್ತಿದ್ದಳು.

"ಅವತ್ತ ನಾ ಏನ ಉಂಡೆ ಅಂತ ನನ್ನ ಒಡಹುಟ್ಟಿದಾವ ಕೇಳಲಿಲ್ಲ. ಗುರ್ತಿಲ್ಲದ ಮನಶ್ಯಾ ನೀವು ನೋಡೀರಿ. ನಾ ನಿಮ್ಮ ಬಾಯಿ ಮುಚ್ಚಿದೆ."

ಆ ಮದುವೆಯಲ್ಲಿ ಯಲ್ಲಪ್ಪ ದೂರದಿಂದ ಕಂಡ ಹಸಿರು ಸೀರೆಯ ಹೆಣ್ಣುಮಗಳು ಈಗ ಎದುರಿಗೆ ಕೂತಿದ್ದಳು. ಹೆಣ್ಣು ನೋಡಲು ಬಂದಾಗ ತಲೆಯ ಮೇಲಿನ ಸೆರಗಿನಲ್ಲಿ ಗುರುತೇ ಹತ್ತಿರಲಿಲ್ಲ. ಯಲ್ಲಪ್ಪ ಪಟಗ ಸರಿಮಾಡಿಕೊಂಡ.

ಒತ್ತಿದ ಕೆಂಪನ್ನು ಹೇಗೆ ತೆಗೆಯುವುದು ಎಂದು ತಿಪ್ಪವ್ವ ಕೇಳಿದಳು. ನೀಲಾ ಪಕ್ಕದಲ್ಲಿ ಕೂತು ತೋರಿಸಿದಳು. ಕೆಂಪು ಹೋಗಿ ಹಸಿರು ಬಂತು. ಆದರೆ ಒಂದು ಬೆರಳಿಗೆ ಪಟ್ಟಿ ಎಲ್ಲಿ ಬಿಚ್ಚೀತು? ತಿಪ್ಪವ್ವ ಸೆರಗು ಸಿಕ್ಕಿಸಿಕೊಂಡು ತನ್ನ ಫೋನು ತೆಗೆದಳು. ಅವತ್ತು ಕಡೇ ಪಂಗ್ತಿಯಲ್ಲಿ ಕೂತವರೆಲ್ಲ ಅವಳ ಅಕ್ಕ, ತಂಗಿ, ನಾದಿನಿ, ನೆಗೆಣ್ಣಿಯರೇ. ಒಬ್ಬೊಬ್ಬರಿಗೂ ಫೋನು ಮಾಡಿ, ಏನೂ ಕೇಳಬೇಡ, ಹಸಿರು ಒತ್ತು ಎಂದು ಹುಕುಂ ಕೊಡತೊಡಗಿದಳು.

ಯಲ್ಲಪ್ಪ ಒಮ್ಮೆ ಕೆಮ್ಮಿದ. ನಾಗವ್ವ ಅವನತ್ತ ನೋಡಿದಳು. ಬೇಡ ಎಂಬ ನೋಟ ಅದು. ಮೂವತ್ತು ವರ್ಷದ ಸಂಸಾರದಲ್ಲಿ ಒಂದು ಸಲವೂ ಫಲ ಕೊಡದ ನೋಟ.

"ತಪ್ಪ ತಿಳೀಬ್ಯಾಡ್ರಿ ಬೀಗತೇರ. ಹಾನಗಲ್ಲದಾವರು ಓದದ ಕೆಂಪು ಒತ್ತಿಸಿದ್ರು. ನೀವು ಓದದ ಹಸಿರು ಒತ್ತಿಸಾಕತ್ತೀರಿ. ಅದೂ ಮುಯ್ಯಿನ ಆತಲ್ರಿ. ಓದಿ ಹೇಳ್ರಿ. ಹೌದ ಅನಿಸಿದಾವರು ಒತ್ತಲಿ, ಇಲ್ಲದವರು ಬಿಡಲಿ."

ಗುತ್ತೆವ್ವ ಹಣೆ ಮುಟ್ಟಿಕೊಂಡಳು. ಆನಂದ ಜೀಪಿನ ಕಡೆ ನೋಡಿದ, ನೀಲಾ ನೆಲ ನೋಡಿದಳು. ತನ್ನ ಪರವಾಗಿ ಬಂದವರನ್ನೇ ತಡೆಯುವ ಈ ಮನುಷ್ಯನನ್ನು ತಿಪ್ಪವ್ವ ಕನ್ನಡಕದ ಮೇಲಿನಿಂದ ನೋಡಿದಳು. ಆಮೇಲೆ ಅದೇ ಕನ್ನಡಕ ಸರಿಮಾಡಿಕೊಂಡು, ಮತ್ತೆ ಮೊದಲಿನವಳಿಗೇ ಫೋನು ಹಚ್ಚಿ, ಯಲ್ಲಪ್ಪನ ಮಾತನ್ನು ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದಳು.

ಕೆಲವರು ಕೇಳಿ ನಕ್ಕರು. ಒಬ್ಬಾಕೆ ಫೋನಿನಲ್ಲೇ ಅತ್ತಳು. ಆ ದಿನ ಎರಡು ಬಾಳೆಹಣ್ಣು ತಿಂದು ಬಸ್ಸು ಹತ್ತಿದ್ದಳಂತೆ. ಶಂಕ್ರವ್ವ ಎಂಬಾಕೆ ಮಾತ್ರ, ತನಗೆ ಅಡುಗೆಯವನು ಗುರುತಿನವನಿದ್ದ, ಹೋಳಿಗೆ ಸಿಕ್ಕಿತ್ತು, ತಾನು ಕೆಂಪು ತೆಗೆಯುವುದಿಲ್ಲ ಎಂದಳು. ಎಲ್ಲರಿಗಿಂತ ಯಲ್ಲಪ್ಪನಿಗೆ ಹಿಡಿಸಿದ್ದು ಅವಳ ಮಾತೇ. ಆಕಿ ಖರೇ ಹೇಳಿದಳು ನೋಡ್ರಿ ಎಂದ.

ಮಾತಾಡುತ್ತಿದ್ದಂತೆಯೇ ನೀಲಾಳ ಕೈಯಲ್ಲಿದ್ದ ಫೋನಿನಲ್ಲಿ ಬೂದಿ ಪಟ್ಟಿ ಮಾಯವಾಗಿ, ಹಾನಗಲ್ಲಿನ ಊಟದ ಮಾತು ಬಿಚ್ಚಿಕೊಂಡಿತು. ಅದರ ಹಿಂದೆಯೇ ಬಸವೇಶನ ಫೋನು. ಮಾಸೂರಿನ ಕಡೆಯಿಂದ ಇದ್ದಕ್ಕಿದ್ದಂತೆ ಇಷ್ಟು ಹಸಿರು ಹೇಗೆ ಎಂದು ಅವನಿಗೆ ಗುಮಾನಿ. ಓದಿಯೇ ಒತ್ತಿದ್ದು ಎಂದು ಯಲ್ಲಪ್ಪ ಹೇಳಿದ ಮೇಲೆ ನಂಬಿದ. ಕಾಕಾ ಹೇಳಿದರೆ ಖರೇ ಇರಬೇಕು ಎಂದ. ಹಾಗೇ ಇನ್ನೊಂದು ಸುದ್ದಿ ಹೇಳಿದ. ಚೀಲದ ಮಾತು ತಲೆಯಿಂದ ಹೋಗಲಿಲ್ಲವಂತೆ. ಇನ್ನು ಮೇಲೆ ಎರಡು ಚೀಲ. ಬೈಗುಳವಿದ್ದರೆ ಮಾತ್ರ ಮಡಚುವುದು, ಅದಕ್ಕೆ ಒತ್ತುವ ಗುಂಡಿಯೇ ಬೇರೆ. ಮನಸ್ಸಿಗೆ ಹಿಡಿಸದ ಮಾತು ಪಟ್ಟಿಯಿಲ್ಲದೆ ಕೆಳಗೆ ಹೋಗಿ ಕೂರುತ್ತದೆ, ಬಾಯಿ ತೆರೆದುಕೊಂಡೇ. ಟೆಂಪೋದವರು ಬಂದರೆ ಯಲವಿಗಿಗೆ ಕಳಿಸುತ್ತೇನೆ ಎಂದೂ ಸೇರಿಸಿದ. ಕಳಿಸು, ಶೇಂಗಾ ಹರಿಯಲು ಆಳು ಬೇಕಾಗಿದ್ದಾರೆ ಎಂದ ಯಲ್ಲಪ್ಪ.

ಇಷ್ಟಾದರೂ ಯಾವುದಕ್ಕೆ ಬಂದರೋ ಅದರ ಮಾತು ಇನ್ನೂ ಬಂದಿರಲಿಲ್ಲ. ನಾಗವ್ವ ಬಾಗಿಲ ಮರೆಯಲ್ಲಿ ಸೆರಗಿನ ತುದಿಯನ್ನು ಗಂಟು ಹಾಕಿ ಬಿಚ್ಚಿ ಮಾಡುತ್ತಿದ್ದಳು. ತಿಪ್ಪವ್ವ ಫೋನು ಕೆಳಗಿಟ್ಟು, ಯಲ್ಲಪ್ಪನ ಎದುರಿಗೆ ನೆಟ್ಟಗೆ ಕೂತಳು.

"ಈಗ ನನ್ನ ಮಗನ ಬಗ್ಗೆ ಒಂದ ಖರೇ ಮಾತ ಹೇಳ್ರಿ ಬೀಗರ. ಮುಯ್ಯಿ ಬ್ಯಾಡ."

ಯಲ್ಲಪ್ಪ ಆನಂದನನ್ನು ನೋಡಿದ.

"ಹುಡುಗ ಬೇಷ ಅದಾನ್ರಿ. ದುಡೀತಾನ, ಹಿರೇರಂದ್ರ ಮರ್ಯಾದಿ ಐತಿ. ಆದ್ರ ಹೆಣ್ಣ ನೋಡಾಕ ಬಂದ ದಿನ ಒಂದ ಸುಳ್ಳ ಹೇಳ್ಯಾನ. ನಮ್ಮ ಹುಡುಗಿ ಗಾಬರ್ಯಾಗ ಚಹಾಕ್ಕ ಸಕ್ರಿನ ಹಾಕಿದ್ದಿಲ್ಲ. ಇವ ಭಾಳ ಚಲೋ ಆಗೇತಿ ಅಂದ ಇನ್ನೊಂದ ಕಪ್ಪು ಬೇಡಿ ಕುಡದ."

ನೀಲಾ ತಟ್ಟನೆ ತಲೆ ಎತ್ತಿದಳು. ಅವಳಿಗೆ ಇದು ಈ ತನಕ ಗೊತ್ತಿರಲಿಲ್ಲ. ಆನಂದನ ಕಿವಿ ಕೆಂಪಾದವು.

"ಎರಡನೇದ್ದೂ ಹಂಗ ಇತ್ತರಿ ಮಾವಾರ," ಎಂದ ಅವನು, ಮೆಲ್ಲಗೆ.

ತಿಪ್ಪವ್ವ ಮಗನನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ನಕ್ಕ ರಭಸಕ್ಕೆ ಕನ್ನಡಕ ಮೂಗಿನ ತುದಿಗೆ ಬಂತು.

"ಅಷ್ಟ ಸುಳ್ಳ ಸಂಸಾರಕ್ಕ ಬೇಕಾಗತೈತ್ರಿ ಬೀಗರ. ಅದನ್ನ ಹುಡುಗುರಿಗೆ ಬಿಡ್ರಿ," ಎಂದು, ಬಾಗಿಲ ಕಡೆ ತಿರುಗಿ ನಾಗವ್ವನನ್ನು ಕರೆದಳು. "ಬೀಗತೇರ, ಸಕ್ರಿ ತರ್ರಿ. ಮಾತ ಮುಗಿಸಿ ಬಿಡೂಣು."

ನಾಗವ್ವ ಓಡಿಹೋಗಿ ಸಕ್ಕರೆಯ ಡಬ್ಬಿಯನ್ನೇ ತಂದಳು. ತಾಟಿಗೆ ಸುರಿಯುವ ಅವಸರದಲ್ಲಿ ಅರ್ಧ ನೆಲಕ್ಕೆ ಬಿತ್ತು. ಚೆಲ್ಲಿತಲ್ಲ ಎಂದು ಯಲ್ಲಪ್ಪ ಬಾಯಿ ತೆರೆದ. ತೆರೆದ ಬಾಯಿಗೆ ತಿಪ್ಪವ್ವ ಒಂದು ಮುಷ್ಟಿ ಸಕ್ಕರೆ ಹಾಕಿದಳು.